ವಾಹನ ಪ್ರಶ್ನೋತ್ತರ: ಮಲೆನಾಡಿನ ಜೀಪು, ಮನೆಯಂಗಳದ ರಿಪೇರಿ

ಮುಂಗಾರು ಸಮೀಪಿಸುತ್ತಿರುವ ಕಾರಣ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ತೋಟಗಾರರವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಮಹೀಂದ್ರಾ ಎಂಎಂ 540 ಜೀಪು ಇನ್ನೂ ತೋಟದ ಕೆಲಸಕ್ಕೆ ಇದೆ. ನಲವತ್ತರ ವೇಗ ದಾಟಿದ ಮೇಲೆ ಚಕ್ರ ಗುಂಡಿಗೆ ಇಳಿದರೆ ಸ್ಟೇರಿಂಗ್ ವಿಪರೀತ ನಡುಗುತ್ತದೆ. ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸುವ ತನಕ ನಡುಕ ತಗ್ಗುವುದಿಲ್ಲ. ಸ್ಟೇರಿಂಗ್ ಡ್ಯಾಂಪರ್ ಹಾಕಿಸಿದರೆ ಸಾಕೆಂದು ಒಬ್ಬರು, ಪವರ್ ಸ್ಟೇರಿಂಗ್ ಕೂರಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ದೋಷ ಎಲ್ಲಿದೆ ಎಂಬುದನ್ನು ಮನೆಯಲ್ಲಿಯೇ ಪತ್ತೆ ಮಾಡಬಹುದೆ? — ಓದುಗರು, ಮೂಡಿಗೆರೆ

ಉತ್ತರ: ಪತ್ತೆ ಮಾಡಬಹುದು, ಮತ್ತು ಪತ್ತೆ ಮಾಡುವ ಮೊದಲು ಯಾವ ಹೊಸ ಸಾಮಾನಿಗೂ ಹಣ ಹಾಕಬೇಡಿ. ಡ್ಯಾಂಪರ್ ನಡುಕವನ್ನು ಅದುಮಿ ಹಿಡಿಯುತ್ತದೆಯೇ ಹೊರತು ಅದರ ಕಾರಣವನ್ನು ತೆಗೆಯುವುದಿಲ್ಲ. ಸವೆದ ಭಾಗ ಒಳಗೆ ಸವೆಯುತ್ತಲೇ ಇದ್ದು, ಡ್ಯಾಂಪರ್ ಸೋತ ದಿನ ನಡುಕ ಮೊದಲಿಗಿಂತ ಜೋರಾಗಿ ಮರಳುತ್ತದೆ. ಪವರ್ ಸ್ಟೇರಿಂಗ್‌ನಿಂದ ತಿರುಗಿಸುವುದು ಹಗುರವಾಗುತ್ತದೆ. ಈ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ.

ಮುಂದಿನ ಎರಡು ಟೈರುಗಳ ಗಾಳಿ, ಉಬ್ಬು ಮತ್ತು ರಿಮ್ಮಿನ ಸೊಟ್ಟವನ್ನು ನೋಡಿಕೊಂಡು, ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿ. ರಿಮ್ಮಿನ ಒಳಬದಿಗೆ ಒಣಗಿ ಅಂಟಿದ ಕೆಸರಿನ ಹೆಂಟೆಯೊಂದೇ ಚಕ್ರದ ಸಮತೋಲವನ್ನು ಕೆಡಿಸಬಲ್ಲದು. ಅಷ್ಟಕ್ಕೂ ಸರಿಹೋಗದಿದ್ದರೆ ಗಾಡಿಯನ್ನು ಎತ್ತಬೇಕು. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಣ್ಣಿನ ಅಂಗಳವಾದರೆ ಜಾಕ್‌ನ ಕೆಳಗೆ ದಪ್ಪ ಹಲಗೆ ಕೊಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಇಟ್ಟು, ಮುಂದಿನ ಹೌಸಿಂಗನ್ನು (ಎರಡು ಚಕ್ರಗಳ ನಡುವಣ ಅಚ್ಚಿನ ಕವಚ) ಎತ್ತಿ, ಭಾರವನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಇಳಿಸಿ. ಸ್ಟ್ಯಾಂಡಿನ ಬದಲಿಗೆ ಇಟ್ಟ ಸಿಮೆಂಟ್ ಇಟ್ಟಿಗೆ ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ತೋಟದಲ್ಲಿ ಸುಲಭವಾಗಿ ಸಿಗುತ್ತದೆಂದು ಸಿಲ್ವರ್ ಓಕ್ ತುಂಡುಗಳನ್ನು ಇಡುವವರೂ ಇದ್ದಾರೆ. ಅದು ಮೆದು ಮರ, ಸೀಳು ಬಿಡುತ್ತದೆ. ಬರೀ ಜಾಕ್‌ನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು.

ಈಗ ಒಂದು ಚಕ್ರವನ್ನು ನೆತ್ತಿಯಲ್ಲಿ ಒಂದು ಕೈಯಿಂದ, ಬುಡದಲ್ಲಿ ಇನ್ನೊಂದು ಕೈಯಿಂದ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಾಡಿಸಿ. ಸಡಿಲ ಕಂಡರೆ ಮನೆಯವರೊಬ್ಬರಿಗೆ ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಲು ಹೇಳಿ, ಮತ್ತೆ ಅದೇ ರೀತಿ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ದೋಷ ವೀಲ್ ಬೇರಿಂಗಿನದು; ನಟ್ಟನ್ನು ಹದವಾಗಿ ಬಿಗಿದರೆ ಅಥವಾ ಬೇರಿಂಗ್ ಬದಲಿಸಿದರೆ ಮುಗಿಯಿತು. ಬ್ರೇಕ್ ಒತ್ತಿದರೂ ಸಡಿಲ ಹಾಗೆಯೇ ಉಳಿದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟದ ಬೇರಿಂಗುಗಳು ಸವೆದಿವೆ, ಇಲ್ಲವೆ ಅವುಗಳ ಬಿಗಿತ ಹೋಗಿದೆ ಎಂದರ್ಥ. ಬಳಿಕ ಚಕ್ರವನ್ನು ಎಡಕ್ಕೂ ಬಲಕ್ಕೂ ಅಡ್ಡವಾಗಿ ಹಿಡಿದು ಆಡಿಸುತ್ತ, ಸ್ಟೇರಿಂಗನ್ನು ಚಕ್ರಗಳಿಗೆ ಜೋಡಿಸುವ ಸರಳುಗಳಾದ ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್‌ಗಳ ತುದಿಗಳ ಮೇಲೆ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ.

ಈ ಬಗೆಯ ಹಳೆಯ ಜೀಪುಗಳಲ್ಲಿ ಗುಂಡಿಗೆ ಬಿದ್ದೊಡನೆ ಶುರುವಾಗಿ ನಿಲ್ಲದ ನಡುಕಕ್ಕೆ ಹೆಚ್ಚಾಗಿ ಕಿಂಗ್ ಪಿನ್ನೇ ಕಾರಣ. ಚಕ್ರವನ್ನು ಹೊತ್ತು ತಿರುಗುವ ಗೋಳಾಕಾರದ ನಕಲ್‌ನ ಮೇಲಿನ ಮತ್ತು ಕೆಳಗಿನ ಮುಚ್ಚಳಗಳಡಿ ತೆಳುವಾದ ತಗಡಿನ ಬಿಲ್ಲೆಗಳಾದ ಶಿಮ್‌ಗಳಿರುತ್ತವೆ. ಬೇರಿಂಗ್ ಸವೆದಂತೆ ಒಂದೊಂದೇ ಶಿಮ್ ತೆಗೆದು ಬಿಗಿತವನ್ನು ಹೊಂದಿಸಿಕೊಳ್ಳಲೆಂದೇ ಈ ಏರ್ಪಾಡು. ಬಿಗಿತವನ್ನು ಕೈಯಂದಾಜಿಗೆ ಬಿಡಬೇಡಿ. ಟೈ ರಾಡನ್ನು ಕಳಚಿ, ಸ್ಟೇರಿಂಗ್ ಆರ್ಮ್‌ನ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ನಕಲ್ ತಿರುಗಲು ಬೇಕಾಗುವ ಎಳೆತ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ನೋಡಬೇಕು. ಕಾಫಿ ಮೂಟೆ ತೂಗುವ ತಕ್ಕಡಿ ಇದಕ್ಕೆ ಬಾರದು. ಅದರ ಗೆರೆಗಳು ಬಹಳ ದೂರ ದೂರ. ಮೀನು, ತರಕಾರಿ ತೂಗುವ ಚಿಕ್ಕ ತಕ್ಕಡಿ ಸಾಕು. ಬೇರಿಂಗಿನ ಬಟ್ಟಲಿನಲ್ಲಿ ರೋಲರಿನ ಗುರುತುಗಳು ಒತ್ತಿ ಕೂತಿದ್ದರೆ ಶಿಮ್ ತೆಗೆಯುವುದರಿಂದ ಪ್ರಯೋಜನವಿಲ್ಲ, ಬೇರಿಂಗನ್ನೇ ಬದಲಿಸಬೇಕು.

ಇಷ್ಟನ್ನೂ ಸರಿಪಡಿಸಿದ ಮೇಲೂ ನಡುಕ ಉಳಿದರೆ ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಬುಷ್‌ಗಳನ್ನೂ ಯು ಬೋಲ್ಟ್‌ಗಳ ಬಿಗಿತವನ್ನೂ ನೋಡಿ, ಕ್ಯಾಸ್ಟರನ್ನು, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನವನ್ನು, ಅಳತೆ ಮಾಡಿಸಿ. ಯಾರಾದರೂ ಹಿಂದೆ ಗಾಡಿಯನ್ನು ಎತ್ತರಿಸಲೆಂದು ಮುಂದೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಅಥವಾ ಉದ್ದದ ಶ್ಯಾಕಲ್ ಹಾಕಿದ್ದರೆ ಕ್ಯಾಸ್ಟರ್ ಕೋನ ಬದಲಾಗಿ, ಚಕ್ರ ತಾನಾಗಿ ನೇರಕ್ಕೆ ಬರುವ ಗುಣ ಕಳೆದುಹೋಗಿರುತ್ತದೆ. ಉದ್ದದ ಶ್ಯಾಕಲ್ ಅಗ್ಗದ ಉಪಾಯವೆಂದು ಜನಪ್ರಿಯ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಜೀಪುಗಳನ್ನು ಅದರಷ್ಟು ಕೆಡಿಸಿದ ಬದಲಾವಣೆ ಇನ್ನೊಂದಿಲ್ಲ.

ಪ್ರಶ್ನೆ: ಘಾಟಿಯ ಮಳೆಯಲ್ಲಿ ಹಿಡಿತ ಸಿಗಲೆಂದು ಡಾಂಬರು ರಸ್ತೆಯಲ್ಲೇ ಫೋರ್ ವೀಲ್ ಹಾಕಿದ್ದೆ. ಈಗ ಲೀವರ್ ಹೊರಬರುತ್ತಿಲ್ಲ. — ಓದುಗರು, ಕೊಟ್ಟಿಗೆಹಾರ

ಉತ್ತರ: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಹಳೆಯ ಜೀಪುಗಳಲ್ಲಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುವ ನಡು ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲಾರದೆ ಪೂರ್ತಿ ಬಿಗಿತ, ಇಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ ಕೂರುತ್ತದೆ. ಲೀವರನ್ನು ಪೈಪು ಹಾಕಿ ಎಳೆಯಬೇಡಿ. ಸ್ಟೇರಿಂಗನ್ನು ನೇರವಾಗಿಟ್ಟು ನಾಲ್ಕಾರು ಮಾರು ಹಿಂದಕ್ಕೆ ಬಿಟ್ಟರೆ ಸಾಮಾನ್ಯವಾಗಿ ಬಿಗಿತ ಬಿಡುತ್ತದೆ. ಬಿಡದಿದ್ದರೆ ಸಮತಟ್ಟಾದ ಜಾಗದಲ್ಲಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಒಂದು ಮುಂದಿನ ಚಕ್ರವನ್ನು ಜಾಕ್‌ನಿಂದ ನೆಲ ಬಿಡಿಸಿ.

ಪ್ರಶ್ನೆ: ತೋಟದ ದಾರಿಯಲ್ಲಿ ಹಳ್ಳ ದಾಟಬೇಕು. ಈಚೆಗೆ ಹಿಂದಿನ ಹೌಸಿಂಗಿನ ಆಯಿಲ್ ಬಿಚ್ಚಿ ನೋಡಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣವಿತ್ತು. ಸೀಲುಗಳನ್ನು ಹೋದ ವರ್ಷವಷ್ಟೇ ಬದಲಿಸಿದ್ದೆವು. — ಓದುಗರು, ಹೆತ್ತೂರು, ಸಕಲೇಶಪುರ ತಾಲ್ಲೂಕು

ಉತ್ತರ: ನೀರು ಒಳಗೆ ಹೋಗಿದೆ, ಆದರೆ ಸೀಲುಗಳನ್ನು ದೂರುವ ಮೊದಲು ಹೌಸಿಂಗಿನ ಮೇಲಿರುವ ಪುಟ್ಟ ಬ್ರೀದರನ್ನು, ಅಂದರೆ ಒಳಗಿನ ಗಾಳಿ ಆಡಲು ಬಿಟ್ಟ ಕಿಂಡಿಯನ್ನು, ನೋಡಿ. ಗಾಡಿ ಓಡುವಾಗ ಹೌಸಿಂಗಿನೊಳಗಿನ ಆಯಿಲೂ ಗಾಳಿಯೂ ಬಿಸಿಯಾಗಿರುತ್ತವೆ. ಆ ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೇ ನೀರು ಹೋಗುತ್ತದೆ. ಕೆಸರು ತುಂಬಿ ಕಟ್ಟಿಕೊಂಡಿದ್ದರೆ ಒಳ್ಳೆಯ ಸೀಲಿನ ಅಂಚಿನಿಂದಲೂ ಎಳೆದುಕೊಳ್ಳುತ್ತದೆ.

ಪರಿಹಾರ ಸುಲಭ, ಮನೆಯಲ್ಲೇ ಆಗುವಂಥದು. ಬ್ರೀದರನ್ನು ಬಿಚ್ಚಿ, ಅದೇ ತಿರುಪಿನ ಅಳತೆಯ ನಿಪ್ಪಲ್ ಹಾಕಿ, ಆಯಿಲ್ ತಾಳುವ ರಬ್ಬರ್ ಅಥವಾ ನೈಲಾನ್ ಪೈಪನ್ನು ಚಾಸಿಯ ಜೊತೆಗೆ ಮೇಲಕ್ಕೆ ಎಳೆದು, ಬಾನೆಟ್ಟಿನೊಳಗೆ ಹಿಂಗೋಡೆಯ ಎತ್ತರದಲ್ಲಿ ಬಾಯಿ ಕೆಳಮುಖವಾಗುವಂತೆ ಕಟ್ಟಿ. ಹೌಸಿಂಗ್ ಮೇಲೆ ಕೆಳಗೆ ಆಡುವುದರಿಂದ ಪೈಪು ಸ್ವಲ್ಪ ಸಡಿಲವಿರಬೇಕು, ಸೈಲೆನ್ಸರಿಗೆ ತಾಗಬಾರದು. ಗಾಡಿಯ ಮೇಲೆ ಮಾಡುವ ಬದಲಾವಣೆಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬರುವುದು ವಿರಳ.

ಕೆಟ್ಟ ಆಯಿಲನ್ನು ಪೂರ್ತಿ ಇಳಿಸಿ, ಅಗ್ಗದ ಗೇರ್ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ ಅದನ್ನೂ ಇಳಿಸಿ, ಆಮೇಲೆ ಹೊಸದನ್ನು ತುಂಬಿ. ಗಾಡಿ ಮಟ್ಟಸವಾದ ನೆಲದಲ್ಲಿದ್ದು, ಆಯಿಲ್ ತುಂಬುವ ತೂತಿನ ಅಂಚು ತೋಯುವಷ್ಟು ಇದ್ದರೆ ಪ್ರಮಾಣ ಸರಿ. ಹೌಸಿಂಗಿನೊಳಗಿನ ಕ್ರೌನ್ ಗೇರಿನ ಹಲ್ಲುಗಳಿಗೆ ಜಿಎಲ್-5 ದರ್ಜೆಯ 90 ಅಥವಾ 80ಡಬ್ಲ್ಯೂ-90 ಆಯಿಲ್ ಬೇಕು; ಉಳಿದದ್ದನ್ನು ಗೇರ್ ಬಾಕ್ಸಿಗೂ ಸುರಿಯುವ ಅಭ್ಯಾಸ ಮಾತ್ರ ಬೇಡ. ಜಿಎಲ್-5ರಲ್ಲಿರುವ ಗಂಧಕದ ಅಂಶ ಗೇರ್ ಬಾಕ್ಸಿನ ಹಿತ್ತಾಳೆಯ ರಿಂಗುಗಳನ್ನು ಸವೆಸಬಲ್ಲದಾದ್ದರಿಂದ, ಕೈಪಿಡಿ ಅಲ್ಲಿಗೆ ಜಿಎಲ್-4 ಹೇಳಿದ್ದರೆ ಅದನ್ನೇ ಹಾಕಿ. ನೀರಿಗೆ ಇಳಿದ ಗಾಡಿಯ ವೀಲ್ ಬೇರಿಂಗುಗಳ ಗ್ರೀಸನ್ನೂ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡುವುದು ಅವಶ್ಯ.

ಪ್ರಶ್ನೆ: ನನ್ನ ಫೋರ್ ವೀಲ್ ಪಿಕಪ್ ಗಾಡಿಗೆ 215/75 ಆರ್15 ಟೈರುಗಳಿವೆ. 31 ಇಂಚಿನ ಟೈರು, ಮುಂದೆ ಕಬ್ಬಿಣದ ಬಂಪರ್, ತಲೆಯ ಮೇಲೆ ಸಾಲು ದೀಪ ಹಾಕಿಸುವ ಆಸೆ. ಗಾಡಿ ಬಹುಪಾಲು ತೋಟದೊಳಗೇ ಓಡುತ್ತದೆ. ಕಾನೂನಿನ ತೊಡಕಿದೆಯೆ? — ಓದುಗರು, ಚಿಕ್ಕಮಗಳೂರು

ಉತ್ತರ: ಇದೆ. ಗಾಡಿ ತೋಟದಲ್ಲೇ ಹೆಚ್ಚು ಓಡುತ್ತದೆಂಬ ಸಮಾಧಾನ ಕೆಲಸಕ್ಕೆ ಬರುವುದಿಲ್ಲ. ನೋಂದಣಿಯಾದ ಗಾಡಿ ಊರ ರಸ್ತೆಗೆ ಇಳಿದ ಕ್ಷಣದಿಂದ ನಿಯಮ ಅನ್ವಯಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಮುಂಭಾಗದ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಮುಂದಕ್ಕೆ ಬೆಳಕು ಚೆಲ್ಲುವ ಸ್ಪಾಟ್ ಲೈಟಿಗೂ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಅಪಘಾತವಾದರೆ ವಿಮೆಯ ತಗಾದೆ ಬೇರೆ.

ಕಾನೂನನ್ನು ಬದಿಗಿಟ್ಟರೂ ಲೆಕ್ಕ ನಿಮ್ಮ ಪರವಾಗಿಲ್ಲ. ಈಗಿನ ಟೈರಿನ ಎತ್ತರ ಸುಮಾರು 703 ಮಿಲಿಮೀಟರ್, 31 ಇಂಚಿನದು 787. ಹೌಸಿಂಗ್ ನೆಲದಿಂದ ಮೇಲೇಳುವುದು ಈ ವ್ಯತ್ಯಾಸದ ಅರ್ಧ, ಅಂದರೆ ನಾಲ್ಕು ಸೆಂಟಿಮೀಟರಿನಷ್ಟು ಮಾತ್ರ. ಅದಕ್ಕೆ ಬದಲಾಗಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಚಕ್ರದ ಎಳೆತ ಶೇಕಡಾ ಹತ್ತಕ್ಕಿಂತ ಹೆಚ್ಚು ಇಳಿಯುತ್ತದೆ, ಬ್ರೇಕಿಗೂ ಅಷ್ಟೇ ಹೊರೆ. ನಮ್ಮ ಕೆಮ್ಮಣ್ಣಿನ ಕೆಸರಿನಲ್ಲಿ ಅಗಲದ ಟೈರು ಮೇಲೆಯೇ ತೇಲಿ ಜಾರುವುದುಂಟು; ಕಿರಿದಾದ, ಆಳ ಕಚ್ಚುಗಳ ಟೈರು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ. ತಯಾರಕರು ಒಪ್ಪಿದ ಅಳತೆಯಲ್ಲೇ ಕೆಸರಿಗೆ ಒಗ್ಗುವ ಆಳ ಕಚ್ಚುಗಳ ಟೈರು ಕೊಳ್ಳಿ. ಉಳಿದ ಹಣಕ್ಕೆ ಇಂಜಿನ್ನಿನ ಆಯಿಲ್ ಸಂಪ್ ಮತ್ತು ಟ್ರಾನ್ಸ್‌ಫರ್ ಕೇಸು ಸರಿಯಾದ ತಳರಕ್ಷೆಯ ಹಿಂದೆ ಇವೆಯೇ ಎಂದು ನೋಡಿ, ಗಾಡಿಯ ಮೂಲ ತಟ್ಟೆ ಬಿದ್ದುಹೋಗಿದ್ದರೆ ಅದನ್ನು ಮತ್ತೆ ಹಾಕಿಸಿ.

ಪ್ರಶ್ನೆ: ಚಾಸಿಗೆ ತುಕ್ಕು ಹಿಡಿದು ಕಮಾನು ಪಟ್ಟಿಯ ಹ್ಯಾಂಗರ್ ಬಳಿ ತೂತಾಗಿದೆ. ಮನೆಯಲ್ಲಿ ವೆಲ್ಡಿಂಗ್ ಯಂತ್ರವಿದೆ. ವೆಲ್ಡ್ ಮಾಡಿ ಹಳೆಯ ಇಂಜಿನ್ ಆಯಿಲ್ ಬಳಿದರೆ ಆಗದೆ? — ಓದುಗರು, ಬೇಲೂರು

ಉತ್ತರ: ಕಮಾನು ಪಟ್ಟಿಯನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಗಾಡಿಯ ಭಾರ ಹೊರುವ ಜಾಗ; ಅಲ್ಲಿನ ವೆಲ್ಡಿಂಗನ್ನು ಗೇಟು, ಗ್ರಿಲ್ಲು ಮಾಡಿ ಪಳಗಿದ ಕೈ ಮಾಡಿದರೆ ಸಾಲದು, ಚಾಸಿ ಕೆಲಸ ಬಲ್ಲವರಿಂದಲೇ ಮಾಡಿಸಿ. ನೀವು ಮಾಡಬಹುದಾದದ್ದು ತಯಾರಿ. ಸುತ್ತಿಗೆಯ ತುದಿಯಿಂದ ಸುತ್ತಲೂ ತಟ್ಟುತ್ತ ಹೋಗಿ. ಟಣ್ ಎನ್ನುವ ಕಡೆ ಕಬ್ಬಿಣ ಗಟ್ಟಿಯಿದೆ, ಮಂದ ಸದ್ದು ಬಂದ ಕಡೆ ಒಳಗಿನಿಂದ ತಿಂದಿದೆ. ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿದ ಮೇಲೆಯೇ ತೇಪೆ ಹಾಕಬೇಕು. ತೇಪೆಯ ತುದಿಗಳು ಚಾಸಿಗೆ ಅಡ್ಡಲಾಗಿ ನೇರವಾಗಿರದೆ ಓರೆಯಾಗಿ ಚೂಪಾಗಿರುವಂತೆ ಕತ್ತರಿಸಿರುತ್ತಾರೆಯೇ ಎಂದು ನೋಡಿ. ಅಡ್ಡಲಾದ ಬೆಸುಗೆಯ ಗೆರೆಯಲ್ಲೇ ಮುಂದೆ ಬಿರುಕು ಬಿಡುವುದು. 7018 ದರ್ಜೆಯ ವೆಲ್ಡಿಂಗ್ ರಾಡ್ ಬಳಸುವುದಾದರೆ ಅದು ಪೂರ್ತಿ ಒಣಗಿರಬೇಕು, ಮಲೆನಾಡಿನ ಆಷಾಢದಲ್ಲಿ ಪೊಟ್ಟಣ ಒಡೆದಿಟ್ಟ ರಾಡು ತೇವ ಹೀರದೆ ಉಳಿಯುವುದಿಲ್ಲ. ಬೆಸುಗೆಗೆ ಮುನ್ನ ಬ್ಯಾಟರಿಯನ್ನೂ ಆಲ್ಟರ್ನೇಟರಿನ ತಂತಿಗಳನ್ನೂ ಕಳಚಿ, ಡೀಸೆಲ್ ಟ್ಯಾಂಕನ್ನು ಇಳಿಸಿ ದೂರವಿಡಿ. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ.

ಹಳೆಯ ಆಯಿಲ್ ಬಳಿಯುವುದು ಬೇಡ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಧೂಳನ್ನು ಹಿಡಿದಿಡುತ್ತದೆ, ಹಳ್ಳದಲ್ಲಿ ತೊಳೆದು ಹೋಗಿ ನೀರನ್ನು ಹಾಳು ಮಾಡುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿ, ಪ್ರೈಮರ್ ಮತ್ತು ಚಾಸಿ ಬಣ್ಣ ಬಳಿದು, ಚಾಸಿಯ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ. ನೀರು ಇಳಿಯುವ ತೂತುಗಳಲ್ಲಿ ಸೇರಿದ ಮಣ್ಣನ್ನು ಕಡ್ಡಿ ಹಾಕಿ ತೆಗೆಯಿರಿ.

ಪ್ರಶ್ನೆ: ಡಿಸೆಂಬರಿನ ಬೆಳಗ್ಗೆ ನಮ್ಮ ಹಳೆಯ ಡೀಸೆಲ್ ಜೀಪು ಬಿಳಿ ಹೊಗೆ ಕಾರುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೊಸದು. — ಓದುಗರು, ಕೊಪ್ಪ

ಉತ್ತರ: ಬಿಳಿ ಹೊಗೆ ಎಂದರೆ ಡೀಸೆಲ್ ಸಿಲಿಂಡರಿಗೆ ತಲುಪಿ ಉರಿಯದೆ ಹೊರಬರುತ್ತಿದೆ. ನಿಮ್ಮದು 2,112 ಸಿಸಿಯ ಪೂಜೋ ಮಾದರಿಯ ಇಂಜಿನ್ ಆಗಿದ್ದರೆ ಅದಕ್ಕೆ, ಸ್ಟಾರ್ಟ್ ಮಾಡುವ ಮೊದಲು ಒಳಗನ್ನು ಕಾಯಿಸುವ ಹೀಟರ್ ಪ್ಲಗ್‌ಗಳಿವೆ. ಚಳಿಯಲ್ಲಿ ಅವಿಲ್ಲದೆ ಅದು ಏಳುವುದು ಕಷ್ಟ. ನಾಲ್ಕನ್ನೂ ಜೋಡಿಸುವ ಪಟ್ಟಿಯನ್ನು ಕಳಚಿ, ಮಲ್ಟಿಮೀಟರಿನಿಂದ ಒಂದೊಂದರ ತುದಿಗೂ ಇಂಜಿನ್ನಿನ ಮೈಗೂ ನಡುವಣ ಓಮ್ ನೋಡಿ. ಒಂದು ಓಮಿನ ಆಸುಪಾಸು ತೋರಿದ್ದು ಸರಿಯಿದೆ, ಮೀಟರ್ ಮಿಡುಕದಿದ್ದರೆ ಆ ಪ್ಲಗ್ ಸುಟ್ಟಿದೆ. ನಾಲ್ಕೂ ಸರಿಯಿದ್ದರೆ ಅವುಗಳಿಗೆ ಕರೆಂಟ್ ತಲುಪುವ ರಿಲೇ ಮತ್ತು ದಪ್ಪ ತಂತಿಯ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದು ನೋಡಿ. ಸಿಲಿಂಡರಿಗೆ ಗಾಳಿ ಹೋಗುವ ಕೊಳವೆಗೆ ಈಥರ್ ಸ್ಪ್ರೇ ಹೊಡೆದು ಎಬ್ಬಿಸುವ ಉಪಾಯವನ್ನು, ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಿ ಯಾರು ಹೇಳಿದರೂ ಮಾಡಬೇಡಿ. ಕಾದ ಪ್ಲಗ್ಗಿಗೆ ಅದು ತಾಗಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಹುದು.