ರೆಂಟ್ ದ ರನ್‌ವೇ ಶುರು ಮಾಡಿದ ಜೆನ್ನಿಫರ್ ಹೈಮನ್ ನಿಜಕ್ಕೂ ಗೆದ್ದರಾ?

ಪ್ರಶ್ನೆ: ಮದುವೆ, ರಿಸೆಪ್ಷನ್ ಬಟ್ಟೆಗಳನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ಕೊಡುವ ಕಂಪನಿ ಮಾಡಬೇಕು ಅಂತಿದ್ದೇನೆ. ಎಲ್ಲರೂ ಅಮೆರಿಕದಲ್ಲಿ ರೆಂಟ್ ದ ರನ್‌ವೇ ಎಂಬ ಬಟ್ಟೆ ಬಾಡಿಗೆ ಕಂಪನಿ ಕಟ್ಟಿದ ಜೆನ್ನಿಫರ್ ಹೈಮನ್ ಉದಾಹರಣೆ ಕೊಡುತ್ತಾರೆ. ಅವರು ಗೆದ್ದಿದ್ದಾರಾ, ಸೋತಿದ್ದಾರಾ? ಅವರ ದಾರಿ ಹಿಡಿಯಬಹುದಾ?

ಉತ್ತರ: ಅವರ ಮೊದಲ ವರ್ಷವನ್ನು ಕಣ್ಣುಮುಚ್ಚಿ ಕಾಪಿ ಹೊಡೆಯಿರಿ. 2016ರ ನಂತರದ್ದನ್ನು ಓದಿ ತಿಳಿದುಕೊಳ್ಳಿ, ಆದರೆ ಮಾಡಲು ಹೋಗಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ನನ್ನ ಬಗ್ಗೆ ಒಂದು ಮಾತು. ನಮ್ಮ ಮನೆಯವರದು ನಾಟಕ ಮತ್ತು ಡ್ಯಾನ್ಸ್ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ. ಲೆಕ್ಕಪತ್ರ ನೋಡಿಕೊಳ್ಳುವುದು ನಾನು. ಹಾಗಾಗಿ ಹೈಮನ್ ಬಗ್ಗೆ ಏನೇ ಓದಿದರೂ ನನ್ನ ಗಮನ ಫ್ಯಾಷನ್ ಕಡೆ ಹೋಗಲ್ಲ. ಬಟ್ಟೆ ವಾಪಸ್ ಬಂದ ಮೇಲೆ ಏನಾಯಿತು ಅಂತಲೇ ಹುಡುಕುತ್ತೇನೆ. ಅವರ ಇಡೀ ಕಥೆ ಇರುವುದೂ ಅಲ್ಲೇ.

ಹೈಮನ್ ಹಾರ್ವರ್ಡ್‌ನಲ್ಲಿ 2002ರಲ್ಲಿ ಡಿಗ್ರಿ ಮುಗಿಸಿದರು. ಆಮೇಲೆ ಸ್ಟಾರ್‌ವುಡ್ ಹೋಟೆಲ್ ಕಂಪನಿಯಲ್ಲಿ ಕೆಲಸ ಮಾಡಿದರು. ಮದುವೆಗೆ ಬಂದವರು ಉಡುಗೊರೆಯಾಗಿ ಹನಿಮೂನ್ ಖರ್ಚು ಕೊಡುವಂಥ ಒಂದು ಯೋಜನೆಯನ್ನು ಅಲ್ಲಿ ಶುರು ಮಾಡಿದವರು ಅವರೇ. ನಂತರ ವೆಡ್ಡಿಂಗ್ ಚಾನೆಲ್ ಎಂಬ ಮದುವೆ ವೆಬ್‌ಸೈಟ್, ಆಮೇಲೆ ಕ್ರೀಡೆ-ಮನರಂಜನೆ ವ್ಯವಹಾರದ ಐಎಂಜಿ ಕಂಪನಿ. ಅಂದರೆ ಬಟ್ಟೆ ಬಾಡಿಗೆಗೆ ಕೈ ಹಾಕುವ ಮೊದಲೇ ಮದುವೆ ಮಾರುಕಟ್ಟೆಯನ್ನು ಹತ್ತಿರದಿಂದ ನೋಡಿದ್ದರು. ಇದನ್ನು ಯಾರೂ ಜಾಸ್ತಿ ಹೇಳಲ್ಲ. ಎಲ್ಲರೂ ಹೇಳುವುದು ತಂಗಿಯ ಡ್ರೆಸ್ ಕಥೆ.

ಆ ಕಥೆ ಇಷ್ಟು. 2008ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ರಜೆ. ಹೈಮನ್ ಆಗ ಹಾರ್ವರ್ಡ್‌ನಲ್ಲೇ ಎಂಬಿಎ ಓದುತ್ತಿದ್ದರು. ತಂಗಿ ಯಾವುದೋ ಮದುವೆಗೆ ಹೋಗಲು ಸುಮಾರು 2000 ಡಾಲರ್ ಕೊಟ್ಟು ಮಾರ್ಕೆಸಾ ಎಂಬ ದುಬಾರಿ ಬ್ರ್ಯಾಂಡಿನ ಡ್ರೆಸ್ ತಂದಿದ್ದರು, ಅದೂ ಸಾಲದ ಮೇಲೆ. ಬೀರು ತುಂಬಾ ಬಟ್ಟೆ ಇತ್ತು. ಆದರೆ ಅವನ್ನು ಹಾಕಿಕೊಂಡ ಫೋಟೋಗಳು ಆಗಲೇ ಫೇಸ್‌ಬುಕ್‌ನಲ್ಲಿ ಬಂದಾಗಿತ್ತು. ಮತ್ತೆ ಅದನ್ನೇ ಹಾಕುವುದು ಹೇಗೆ? ನಮ್ಮಲ್ಲೂ ಒಂದು ರೇಷ್ಮೆ ಸೀರೆ ಎರಡು ಮದುವೆಯ ಆಲ್ಬಮ್‌ನಲ್ಲಿ ಕಂಡರೆ ಮಾತಾಡುವ ಅತ್ತೆಯರು ಇದ್ದಾರಲ್ವಾ, ಅದೇ ಸಂಕಟ.

ಹೈಮನ್ ಈ ವಿಷಯವನ್ನು ಸಹಪಾಠಿ ಜೆನ್ನಿಫರ್ ಫ್ಲೈಸ್‌ಗೆ ಹೇಳಿದರು. ಇಬ್ಬರೂ ಬಿಸಿನೆಸ್ ಪ್ಲಾನ್ ಬರೆಯುತ್ತಾ ಕೂರಲಿಲ್ಲ. ಡಿಸೈನರ್ ಡಯೇನ್ ವಾನ್ ಫರ್ಸ್ಟನ್‌ಬರ್ಗ್ ಅವರ ಇಮೇಲ್ ವಿಳಾಸ ಏನಿರಬಹುದು ಅಂತ ಊಹಿಸಿ ಬೇರೆ ಬೇರೆ ವಿಳಾಸಕ್ಕೆ ಪತ್ರ ಕಳಿಸಿದರು. ಒಂದು ಮುಟ್ಟಿತು. ಹೋಗಿ ಭೇಟಿಯೂ ಆದರು.

ಇನ್ನು ನಿಮಗೆ ನಿಜಕ್ಕೂ ಬೇಕಾದ ಭಾಗ, ಅವರು ಮಾಡಿದ ಪರೀಕ್ಷೆಗಳು. 2009ರಲ್ಲಿ ಇಬ್ಬರೂ ಸ್ವಂತ ದುಡ್ಡಿನಲ್ಲಿ ಅಂಗಡಿ ಬೆಲೆಗೇ ಡ್ರೆಸ್‌ಗಳನ್ನು ಕೊಂಡರು. ಕೊಂಡಿದ್ದು ತಮ್ಮದೇ ಅಳತೆಯಲ್ಲಿ! ಐಡಿಯಾ ಕೈಕೊಟ್ಟರೆ ತಾವೇ ಹಾಕಿಕೊಳ್ಳಬಹುದಲ್ಲ. ಹಾರ್ವರ್ಡ್ ಕ್ಯಾಂಪಸ್ಸಿನಲ್ಲಿ ಹುಡುಗಿಯರಿಗೆ ತೋರಿಸಿ, ಹಾಕಿ ನೋಡಲು ಬಿಟ್ಟು, ಬಾಡಿಗೆಗೆ ಕೊಟ್ಟರು. ದುಡ್ಡು ಕೊಟ್ಟು ಒಯ್ದರು, ವಾಪಸ್ಸೂ ತಂದರು. ಮುಂದಿನ ಪರೀಕ್ಷೆ ಯೇಲ್‌ನಲ್ಲಿ. ಅಲ್ಲಿ ನೋಡಬಹುದು, ಹಾಕಿ ನೋಡುವ ಹಾಗಿಲ್ಲ. ಬಾಡಿಗೆಗೆ ಹೋದ ಡ್ರೆಸ್ ಕಡಿಮೆಯಾದರೂ ಹೋದವು. ಮೂರನೆಯದರಲ್ಲಿ ಬರೀ ಫೋಟೋಗಳ ಪಿಡಿಎಫ್. ಬೇಕಾದವರು ಫೋನ್ ಮಾಡಬೇಕು. ಆಗಲೂ ಕೆಲವರು ತೆಗೆದುಕೊಂಡರು.

ನೋಡಿ, ಎಷ್ಟು ಜಾಣತನ! ಒಂದು ಸಲಕ್ಕೆ ಒಂದೇ ಅನುಕೂಲ ಕಿತ್ತುಹಾಕಿದರು. ವೆಬ್‌ಸೈಟ್‌ಗೆ ಒಂದು ಸಾಲು ಕೋಡ್ ಬರೆಸುವ ಮೊದಲೇ, ಮುಟ್ಟದ ಬಟ್ಟೆಗೂ ಜನ ದುಡ್ಡು ಕೊಡುತ್ತಾರೆ ಅನ್ನೋದು ಖಾತ್ರಿಯಾಯಿತು. ಆಪ್ ಮೊದಲು, ಗಿರಾಕಿ ಆಮೇಲೆ ಅನ್ನುವ ನಮ್ಮ ಬೆಂಗಳೂರಿನ ಹುಡುಗರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಬೇನ್ ಕ್ಯಾಪಿಟಲ್ ವೆಂಚರ್ಸ್ ಎಂಬ ಹೂಡಿಕೆ ಕಂಪನಿ ಹಣ ಹಾಕಿತು. 2009ರ ನವೆಂಬರ್‌ನಲ್ಲಿ ಸೈಟ್ ತೆರೆಯಿತು. ಡ್ರೆಸ್ಸಿನ ಬೆಲೆಯ ಸುಮಾರು 10ರಿಂದ 15 ಪರ್ಸೆಂಟ್ ಬಾಡಿಗೆ, ನಾಲ್ಕು ದಿನ. ಅಳತೆಯ ಭಯ ಹೋಗಲಿ ಅಂತ ಇನ್ನೊಂದು ಸೈಜ್ ಪುಕ್ಕಟೆ.

ಇಲ್ಲಿಂದ ಇದು ಒಗೆಯುವ, ಹೊಲಿಯುವ ವ್ಯಾಪಾರ. ಮೊದಲು ಹೊರಗೆ ಕೊಟ್ಟು ತೊಳೆಸುತ್ತಿದ್ದರು. ಆಮೇಲೆ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ ತಮ್ಮದೇ ಗೋದಾಮು ಮಾಡಿಕೊಂಡರು. ಅಮೆರಿಕದ ಅತಿ ದೊಡ್ಡ ಡ್ರೈ ಕ್ಲೀನಿಂಗ್ ಜಾಗ ಅಂತ ಅದಕ್ಕೆ ಹೆಸರು ಬಂತು. ವೈನ್ ಕಲೆ, ಲಿಪ್‌ಸ್ಟಿಕ್, ಕಿತ್ತುಹೋದ ಜಿಪ್, ಉದುರಿದ ಮಣಿ. ನಮ್ಮ ಅಂಗಡಿಯಲ್ಲಿ ಶಾಲೆಗಳ ವಾರ್ಷಿಕೋತ್ಸವದ ಸೀಸನ್ ಮುಗಿದ ಮೇಲೆ ಕಾಲರ್‌ಗೆ ಮೆತ್ತಿದ ಬಣ್ಣ ತೆಗೆಯುವುದೇ ಒಂದು ಕೆಲಸ. ಅವರದು ದಿನಕ್ಕೆ ಸಾವಿರಾರು ಬಟ್ಟೆ.

2016ರಲ್ಲಿ ದೊಡ್ಡ ತಿರುವು. ತಿಂಗಳಿಗೆ 139 ಡಾಲರ್ ಕಟ್ಟಿದರೆ ಒಮ್ಮೆಗೆ ಮೂರು ಬಟ್ಟೆ, ಬೇಕಾದಷ್ಟು ಸಲ ಬದಲಾಯಿಸಿಕೊಳ್ಳಿ ಅಂದರು. ಮದುವೆ ಪಾರ್ಟಿ ಬಿಟ್ಟು ದಿನಾ ಆಫೀಸಿಗೆ ಹಾಕುವ ಬಟ್ಟೆಗೆ ಇಳಿದರು. ಹೂಡಿಕೆದಾರರಿಗೆ ಖುಷಿ, ತಿಂಗಳು ತಿಂಗಳು ದುಡ್ಡು ಬರುತ್ತದಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಪಾರ್ಟಿ ಡ್ರೆಸ್ ಹೊರಗೆ ಹೋದಾಗಲೆಲ್ಲ ಬಾಡಿಗೆ ತರುತ್ತದೆ. ಇಲ್ಲಿ ಹಾಗಲ್ಲ. ಗಿರಾಕಿ ಬಟ್ಟೆ ಬದಲಾಯಿಸಿದ ಪ್ರತಿ ಸಲವೂ ಹೋಗುವ ಕೊರಿಯರ್, ಬರುವ ಕೊರಿಯರ್, ತೊಳೆಯುವುದು, ಇಸ್ತ್ರಿ, ಪರೀಕ್ಷೆ ಎಲ್ಲ ಕಂಪನಿ ತಲೆಗೆ. ಬರುವ ದುಡ್ಡು ಮಾತ್ರ ಅಷ್ಟೇ. ಸೇವೆಯನ್ನು ತುಂಬಾ ಇಷ್ಟಪಟ್ಟವರೇ ಜಾಸ್ತಿ ಖರ್ಚು ತಂದರು.

2019ರ ಮಾರ್ಚ್‌ನಲ್ಲಿ ಕಂಪನಿಯ ಬೆಲೆ 100 ಕೋಟಿ ಡಾಲರ್ ಅಂದರು. ಅದೇ ಸೆಪ್ಟೆಂಬರ್‌ನಲ್ಲಿ ಗೋದಾಮಿನ ವ್ಯವಸ್ಥೆ ಬದಲಾಯಿಸಲು ಹೋಗಿ ಎಲ್ಲ ಸಿಕ್ಕಿಹಾಕಿಕೊಂಡಿತು. ಮದುವೆ ಮುಗಿದರೂ ಡ್ರೆಸ್ ಬರಲಿಲ್ಲ ಅಂತ ಹೆಂಗಸರು ಸಿಟ್ಟಾದರು. ಕೆಲವು ವಾರ ಹೊಸ ಗಿರಾಕಿಗಳನ್ನೇ ತೆಗೆದುಕೊಳ್ಳಲಿಲ್ಲ. ಆ ವರ್ಷದ ಲೆಕ್ಕದಲ್ಲಿ ಆದಾಯ 25.69 ಕೋಟಿ ಡಾಲರ್, ನಷ್ಟ 15.39 ಕೋಟಿ. ಇದು ಕೋವಿಡ್‌ಗೆ ಮುಂಚಿನ ಲೆಕ್ಕ ಅನ್ನೋದು ನೆನಪಿರಲಿ. ಕೋವಿಡ್ ಬಂದು ಕೆಡಿಸಿತು ಅನ್ನುವವರು ಈ ಅಂಕಿಯನ್ನು ನೋಡಿರಲ್ಲ.

ಕೋವಿಡ್ ಅಂತೂ ಹೊಡೆಯಿತು. ಮದುವೆ ಇಲ್ಲ, ಆಫೀಸ್ ಇಲ್ಲ, ಬಟ್ಟೆ ಯಾರಿಗೆ? ಒಂದು ಲಕ್ಷ ದಾಟಿದ್ದ ಚಂದಾದಾರರು ಅರ್ಧಕ್ಕಿಂತ ಕೆಳಗಿಳಿದರು. ಕಂಪನಿಯ ಅಂಗಡಿಗಳು ಮುಚ್ಚಿದವು. ಬೇಕಾದಷ್ಟು ಬದಲಾಯಿಸಿಕೊಳ್ಳುವ ಯೋಜನೆಯನ್ನೂ 2020ರಲ್ಲೇ ನಿಲ್ಲಿಸಿದರು.

2021ರ ಅಕ್ಟೋಬರ್‌ನಲ್ಲಿ ಐಪಿಒ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಿದ್ದು. ಷೇರಿಗೆ 21 ಡಾಲರ್, ಸಂಗ್ರಹ 35.7 ಕೋಟಿ ಡಾಲರ್. ಸಿಇಒ (ಕಂಪನಿ ಮುಖ್ಯಸ್ಥೆ), ಸಿಒಒ (ದಿನದ ಕೆಲಸ ನಡೆಸುವವರು), ಸಿಎಫ್‌ಒ (ಹಣಕಾಸು ಮುಖ್ಯಸ್ಥೆ) ಮೂವರೂ ಹೆಂಗಸರಾಗಿದ್ದು ಷೇರು ಮಾರುಕಟ್ಟೆಗೆ ಬಂದ ಕಂಪನಿ ಅಂತ ಆಗ ದೊಡ್ಡ ಸುದ್ದಿ. ಹೈಮನ್ ಆಗ ಮೂರನೆಯ ಮಗುವಿನ ಬಸುರಿ. ಷೇರು ಮೊದಲ ದಿನವೇ 21ರ ಕೆಳಗೆ ಮುಗಿಯಿತು, ಆಮೇಲೆ ಇಳಿಯುತ್ತಲೇ ಹೋಯಿತು. ಬೆಲೆ ಅಷ್ಟು ಬಿದ್ದಿದ್ದರಿಂದ 2024ರ ಏಪ್ರಿಲ್‌ನಲ್ಲಿ 20 ಷೇರು ಸೇರಿಸಿ ಒಂದು ಮಾಡಬೇಕಾಯಿತು. 2025ರಲ್ಲಿ 30 ಕೋಟಿ ಡಾಲರ್ ಮೀರಿದ್ದ ಸಾಲವನ್ನು ಸುಮಾರು 12 ಕೋಟಿಗೆ ಇಳಿಸಿಕೊಂಡರು. ಅದಕ್ಕೆ ಬದಲಾಗಿ ಕಂಪನಿಯ ಬಹುಪಾಲು ಸಾಲ ಕೊಟ್ಟವರ ಕಡೆ ಹೋಯಿತು. ಹಳೇ ಷೇರುದಾರರ ಕೈಗೆ ಚೂರುಪಾರು ಉಳಿಯಿತು.

ಹಾಗಾದರೆ ಸೋತರಾ? ನಾನು ಹಾಗೆ ಹೇಳಲ್ಲ. ಬೇರೆಯವರು ಹಾಕಿದ ಬಟ್ಟೆ ಅಂದರೆ ಮೂಗು ಮುರಿಯುತ್ತಿದ್ದ ಜನ ಅದನ್ನು ಖುಷಿಯಿಂದ ಹಾಕುವ ಹಾಗೆ ಮಾಡಿದ್ದು ಸಣ್ಣ ಕೆಲಸ ಅಲ್ಲ. ನನಗೆ ಇನ್ನೊಂದು ಇಷ್ಟ. ಹೆರಿಗೆ ರಜೆ, ಮನೆಯಲ್ಲಿ ಸಾವಾದಾಗಿನ ರಜೆ ಇವೆಲ್ಲ ಆಫೀಸಿನವರಿಗೆ ಒಂಥರಾ, ಗೋದಾಮಿನವರಿಗೆ ಒಂಥರಾ ಇತ್ತು. 2018ರಲ್ಲಿ ಅದನ್ನು ತೆಗೆದು ಎಲ್ಲರಿಗೂ ಸಮ ಮಾಡಿದರು. ಬಟ್ಟೆಯ ಕಲೆ ಹುಡುಕಿ ತೆಗೆಯುವವರು ಕೆಲಸ ಬಿಟ್ಟು ಹೋದರೆ ಬಾಡಿಗೆ ವ್ಯಾಪಾರ ನಡೆಯಲ್ಲ. ಹಾಗಾಗಿ ಅದು ಬರೀ ಒಳ್ಳೆಯತನ ಅಲ್ಲ, ಲೆಕ್ಕವೂ ಹೌದು.

ಬೆಂಗಳೂರಿನ ಫರ್ಲೆಂಕೋ, ರೆಂಟೊಮೊಜೊ ನೋಡಿ ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. ಅವರು ಮುಖ್ಯವಾಗಿ ಕೊಡುವುದು ಸೋಫಾ, ಮಂಚ, ಫ್ರಿಜ್. ಒಮ್ಮೆ ಮನೆ ಸೇರಿದರೆ ತಿಂಗಳುಗಟ್ಟಲೆ ಅಲ್ಲೇ ಇದ್ದು ಬಾಡಿಗೆ ದುಡಿಯುತ್ತದೆ. ಬಟ್ಟೆ ನಾಲ್ಕೇ ದಿನಕ್ಕೆ ನಮ್ಮ ಬಾಗಿಲಿಗೆ ವಾಪಸ್ ಬರುತ್ತದೆ. ಎರಡೂ ಬಾಡಿಗೆಯೇ, ಲೆಕ್ಕ ಮಾತ್ರ ಪೂರಾ ಬೇರೆ.

ನಿಮ್ಮ ವಿಷಯಕ್ಕೆ ಬಂದರೆ, ಮದುವೆ ಬಟ್ಟೆ ಅಂತ ಆರಿಸಿಕೊಂಡಿದ್ದು ಸರಿ. ಅದರಲ್ಲೇ ಇರಿ, ತಿಂಗಳ ಚಂದಾ ಕಡೆ ಸುಮ್ನೆ ಹೋಗಬೇಡಿ. ಬಟ್ಟೆಯನ್ನು ಸಾಲದಲ್ಲಿ ಕೊಳ್ಳಬೇಡಿ; ಫ್ಯಾಷನ್ ಎರಡು ವರ್ಷಕ್ಕೆ ಹಳತಾಗುತ್ತದೆ, ಬಡ್ಡಿ ಆಗಲ್ಲ. ಬೂಟೀಕ್‌ನವರು ಬಟ್ಟೆ ಕೊಟ್ಟು ಬಾಡಿಗೆಯಲ್ಲಿ ಪಾಲು ತೆಗೆದುಕೊಳ್ಳಲು ಒಪ್ಪುತ್ತಾರಾ ಕೇಳಿ. ಹೈಮನ್ ಕೂಡ ಆಮೇಲೆ ಆ ದಾರಿಗೇ ಬಂದರು. ಆಪ್ ಮಾಡಿಸುವ ಮುಂಚೆ ನಿಮ್ಮ ಏರಿಯಾದ ಡ್ರೈ ಕ್ಲೀನಿಂಗ್‌ನವರ ಹತ್ತಿರ ಜರಿ ಕೆಲಸದ ಒಂದು ಭಾರೀ ಲೆಹೆಂಗಾ ಒಯ್ದು, ತೊಳೆಯಲು ಎಷ್ಟು, ಎಷ್ಟು ದಿನ, ಸಾಸಿನ ಕಲೆ ಹೋಗುತ್ತಾ ಅಂತ ಕೇಳಿ ಬನ್ನಿ. ಆ ರೇಟ್ ಇಲ್ಲಿ ಬರೆದರೆ ಬಾಡಿಗೆ ಎಷ್ಟಿಡಬೇಕು ಅಂತ ಕೂತು ಲೆಕ್ಕ ಹಾಕೋಣ.