ಮುಂಬೈಯಲ್ಲಿ ಹಡಗು ಒಂದು ಹಗಲಷ್ಟೇ ನಿಂತರೆ ಎಲಿಫೆಂಟಾ ನೋಡಿ ಬರಬಹುದೇ?

ಅಣ್ಣ-ಅತ್ತಿಗೆ ಬರುವ ಕ್ರೂಸ್ ಹಡಗು ಬೆಳಿಗ್ಗೆ 7ಕ್ಕೆ ಬಲ್ಲಾರ್ಡ್ ಪಿಯರ್‌ಗೆ ಬಂದು ಸಂಜೆ 6ಕ್ಕೆ ಹೊರಡುತ್ತದೆ, ಗೈಡ್ ಗೊತ್ತುಮಾಡಿದರೆ ಎಲಿಫೆಂಟಾ ದ್ವೀಪದ ಶಿವನ ಗುಹೆ ನೋಡಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ಮೊದಲು ಅದನ್ನೇ ಮುಗಿಸಬೇಕು. ಸೋಮವಾರವಾದರೆ ಬಿಟ್ಟುಬಿಡಿ, ಅಂದು ಗುಹೆಗೆ ರಜೆ.

ಗೇಟ್‌ವೇ ಆಫ್ ಇಂಡಿಯಾದಿಂದ ದ್ವೀಪಕ್ಕೆ ಮೊದಲ ಲಾಂಚ್ (ಮೋಟಾರು ದೋಣಿ) 9ರ ಸುಮಾರಿಗೆ. ಜನ ತುಂಬುವವರೆಗೆ ಅದು ಕದಲುವುದಿಲ್ಲ, ಆ ಹದಿನೈದು ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಿರಿ. ದಾರಿ ಒಂದು ತಾಸು. ಜೆಟ್ಟಿಯಿಂದ ನಡೆದು, ಸುಮಾರು 120 ಮೆಟ್ಟಿಲು ಹತ್ತಿ, ಟಿಕೆಟ್ (ಭಾರತೀಯರಿಗೆ 40 ರೂ., ವಿದೇಶಿಯರಿಗೆ 600) ತೆಗೆಸುವಷ್ಟರಲ್ಲಿ 11 ಆಗುತ್ತದೆ. ಗುಹೆಗೆ ಒಂದು ತಾಸು ಕೊಟ್ಟು 12.30ರೊಳಗೆ ಲಾಂಚ್ ಹತ್ತಿದರೆ ಒಂದೂವರೆಗೆ ಗೇಟ್‌ವೇ. ಮಧ್ಯಾಹ್ನ ಹೊರಟವರೇ ಸಿಕ್ಕಿಬೀಳುವುದು: ಮರಳುವ ಲಾಂಚಿಗೆ ಸರತಿ, ಆಚೆ ರಸ್ತೆಯಲ್ಲಿ ಟ್ರಾಫಿಕ್. ತಿಂಡಿಯ ಚೀಲ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬೇಡಿ, ಕೋತಿ ಕಿತ್ತುಕೊಳ್ಳುತ್ತದೆ.

ಗೈಡ್ ಬಳಿ ಪ್ರವಾಸೋದ್ಯಮ ಇಲಾಖೆಯ ಫೋಟೋ ಇರುವ ಗುರುತಿನ ಚೀಟಿ ಇರಬೇಕು. ಆತನಿಗೆ ವಿಷಯ ಗೊತ್ತೇ ಎಂದು ತಿಳಿಯಲು ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: ಗುಹೆಯ ದೊಡ್ಡ ಶಿಲ್ಪದ ಆ ಮೂರು ಮುಖ ಯಾರವು? ಬ್ರಹ್ಮ, ವಿಷ್ಣು, ಮಹೇಶ್ವರ ಎಂದರೆ ಬೇರೆಯವರನ್ನು ಹುಡುಕಿ. ಅದು ಸದಾಶಿವ, ಮೂರೂ ಶಿವನವೇ. ನಿಮ್ಮ ಎಡಕ್ಕೆ ಹುಬ್ಬು ಗಂಟಿಕ್ಕಿದ ಅಘೋರ, ನಡುವೆ ಶಾಂತವಾದ ತತ್ಪುರುಷ, ಬಲಕ್ಕೆ ಕೈಯಲ್ಲಿ ಕಮಲ ಹಿಡಿದ ಹೆಣ್ಣುಛಾಯೆಯ ವಾಮದೇವ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಹೋಗಿ ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುವ ‘ಪುರಿ’ ಈ ಘಾರಾಪುರಿಯೇ (ಎಲಿಫೆಂಟಾದ ಸ್ಥಳೀಯ ಹೆಸರು) ಎಂದು ಕೆಲವು ವಿದ್ವಾಂಸರ ವಾದ. ಕನ್ನಡದವರಿಗೆ ಇದನ್ನು ತಾನಾಗಿ ಹೇಳುವ ಗೈಡ್ ಸಿಕ್ಕರೆ ಪುಣ್ಯ.

ಹಣದ ಮಾತನ್ನು ಮೊದಲೇ ಬಿಡಿಸಿ ಆಡಿ: ಗೈಡ್ ಫೀಸು, ಕಾರು, ಲಾಂಚು, ಟಿಕೆಟ್ಟು ಬೇರೆಬೇರೆ. ಶಾಲು, ಕಾರ್ಪೆಟ್ ಅಂಗಡಿಗೆ ಕರೆದೊಯ್ಯಬಾರದು ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಅಲ್ಲಿ ಅವರಿಗೆ ಕಮಿಷನ್, ನಿಮಗೆ ಮುಕ್ಕಾಲು ಗಂಟೆ ನಷ್ಟ.

ಮಧ್ಯಾಹ್ನ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಊಟ ಮಾಡಿ. ಆಮೇಲೆ ಸಿಎಸ್‌ಎಂಟಿ ರೈಲು ನಿಲ್ದಾಣ, ಓವಲ್ ಮೈದಾನ ಸಾಕು. ಮೈದಾನದ ಒಂದು ಬದಿ ಹೈಕೋರ್ಟು, ರಾಜಾಬಾಯಿ ಗೋಪುರ, ಇನ್ನೊಂದು ಬದಿ ಆರ್ಟ್ ಡೆಕೋ ಮನೆಗಳ ಸಾಲು. 2018ರಿಂದ ಎರಡೂ ಸೇರಿ ಯುನೆಸ್ಕೋ ಪಟ್ಟಿಯಲ್ಲಿವೆ. ಇವೆಲ್ಲ ಬಂದರಿಗೆ ಹತ್ತಿರ. ದೂರದ ಮಾಟುಂಗದ ಕಾಫಿಯ ಆಸೆ ಈ ಸಲ ಬೇಡ, ಸಂಜೆಯ ಟ್ರಾಫಿಕ್‌ನಲ್ಲಿ ಟ್ಯಾಕ್ಸಿ ಸಮಯಕ್ಕೆ ಮುಟ್ಟಿಸುವುದಿಲ್ಲ.

ಹೊರಡುವ ಹೊತ್ತು 6 ಎಂದರೆ ಹತ್ತುವ ಗಡುವು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮೊದಲು. 4.30ಕ್ಕೆ ಗೇಟಿನ ಬಳಿ ಇರಲಿ. ಹಡಗಿನ ಗಡಿಯಾರ ಊರಿನದಕ್ಕಿಂತ ಬೇರೆ ಇದ್ದೀತು, ಇಳಿಯುವಾಗಲೇ ಹೊಂದಿಸಿ ನೋಡಿಕೊಳ್ಳಲಿ. ಹಡಗಿನವರದೇ ಟೂರ್ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ಸ್ವಂತ ಗೈಡ್ ಜೊತೆ ಹೋದವರಿಗಾಗಿ ಕಾಯುವುದಿಲ್ಲ. ಬಂದರು ಗೇಟಿನಲ್ಲಿ ತೋರಿಸಲು ಹಡಗಿನ ಕಾರ್ಡು, ಗುರುತಿನ ಚೀಟಿ ಜೇಬಿನಲ್ಲಿರಲಿ. ಬಂದರು ಏಜೆಂಟರ ಫೋನ್ ನಂಬರನ್ನು ಕಾಗದದ ಮೇಲೂ ಬರೆದುಕೊಳ್ಳಲಿ, ಮೊಬೈಲ್ ಚಾರ್ಜ್ ಮುಗಿಯುವುದು ಅಂಥ ಹೊತ್ತಿನಲ್ಲೇ.