ಮೆಸೊಥೀಲಿಯೋಮಾಗೂ ಕಲ್ನಾರಿಗೂ ನಂಟಿದೆ ಅಂತ ತೋರಿಸಿದ ಕ್ರಿಸ್ ವ್ಯಾಗ್ನರ್ ಏನೇನು ಕೆಲಸ ಮಾಡಿದರು?

ವ್ಯಾಗ್ನರ್ ದಕ್ಷಿಣ ಆಫ್ರಿಕಾದ ಪೆಥಾಲಜಿಸ್ಟ್ (ಅಂಗಾಂಶ, ಶವಗಳನ್ನು ಪರೀಕ್ಷಿಸಿ ರೋಗ ಪತ್ತೆಮಾಡುವ ವೈದ್ಯ). ಜೋಹಾನ್ಸ್‌ಬರ್ಗ್‌ನಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನ ಬಗ್ಗೆ ಅಧ್ಯಯನ ಮಾಡುತ್ತಿದ್ದರು. 1956ರಲ್ಲಿ ಒಂದು ಶವಪರೀಕ್ಷೆ ಮಾಡುವಾಗ ಎದೆಯೊಳಗೆ ಲೋಳೆಯಂಥ ದೊಡ್ಡ ಗಡ್ಡೆ ಕಾಣಿಸಿತು. ಅದು ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್, ಮೆಸೊಥೀಲಿಯೋಮಾ. ಅಂಥದ್ದೊಂದು ಕ್ಯಾನ್ಸರ್ ಇದೆಯೆಂದೇ ಒಪ್ಪದ ತಜ್ಞರು ಆಗ ಇದ್ದರು.

ಅತ್ತ ಅದೇ ದೇಶದ ಕಿಂಬರ್ಲಿ ಊರಲ್ಲಿ ಸ್ಲೆಗ್ಸ್ ಎಂಬ ಡಾಕ್ಟರಿಗೆ ಬೇರೆಯೇ ಒಗಟು. ಎದೆಯಲ್ಲಿ ನೀರು ತುಂಬಿಕೊಂಡು ಬಂದವರಿಗೆ ಕ್ಷಯದ ಔಷಧಿ ಕೊಟ್ಟರೆ, ಊರಿನಿಂದ ಪೂರ್ವಕ್ಕಿರುವ ಕಡೆಯವರು ಗುಣವಾಗುತ್ತಿದ್ದರು. ಪಶ್ಚಿಮದ ಕಡೆಯ ಎಷ್ಟೋ ಜನ ಆಗುತ್ತಿರಲಿಲ್ಲ. ಪಶ್ಚಿಮದಲ್ಲಿ ಇದ್ದದ್ದು ನೀಲಿ ಕಲ್ನಾರಿನ (ಕಲ್ನಾರಿನದೇ ಒಂದು ಬಗೆ) ಗಣಿಗಳು.

1960ರಲ್ಲಿ ಇಬ್ಬರೂ ಮಾರ್ಶಂಡ್ ಎಂಬ ಇನ್ನೊಬ್ಬ ವೈದ್ಯರ ಜೊತೆ ಸೇರಿ ಮೆಸೊಥೀಲಿಯೋಮಾದ 33 ರೋಗಿಗಳ ವಿವರ ಪ್ರಕಟಿಸಿದರು. 32 ಮಂದಿಗೆ ನೀಲಿ ಕಲ್ನಾರಿನ ಸಂಪರ್ಕ ಇದ್ದಿರುವ ಸಾಧ್ಯತೆ ಸಿಕ್ಕಿತು. ನನ್ನ ಮನಸ್ಸು ಕಲಕುವುದು ಇದು: ಅವರಲ್ಲಿ ಹೆಚ್ಚಿನವರು ಕಲ್ನಾರಿನ ಕೆಲಸವನ್ನೇ ಮಾಡಿರಲಿಲ್ಲ. ಗಣಿಗಳ ಹತ್ತಿರ ಸುಮ್ನೆ ಬದುಕಿದ್ದರು, ಅಷ್ಟೇ. ಕೆಲವರು ಚಿಕ್ಕ ಮಕ್ಕಳಾಗಿದ್ದಾಗಲೇ ಆ ಜಾಗ ಬಿಟ್ಟಿದ್ದರು. ಆದರೂ ಕಾಯಿಲೆ ಹತ್ತಾರು ವರ್ಷ ಕಳೆದ ಮೇಲೆ ಬಂತು.

ಆಮೇಲೆ ವ್ಯಾಗ್ನರ್ ಬ್ರಿಟನ್‌ಗೆ ಹೋಗಿ, ವೇಲ್ಸ್‌ನಲ್ಲಿ ಇಲಿಗಳಿಗೆ ಕಲ್ನಾರಿನ ಧೂಳು ಉಸಿರಾಡಿಸಿ ನೋಡಿದರು. 1974ರ ವರದಿಯಲ್ಲಿ, ಒಂದೇ ದಿನ ಧೂಳು ಉಸಿರಾಡಿದ ಇಲಿಗಳಲ್ಲೂ ಎರಡಕ್ಕೆ ಮೆಸೊಥೀಲಿಯೋಮಾ ಬಂದಿತ್ತು. 1985ರಲ್ಲಿ ಎರಿಯೊನೈಟ್ ಎಂಬ ಖನಿಜದ ಸರದಿ. ಟರ್ಕಿಯ ಕೆಲವು ಹಳ್ಳಿಗಳಲ್ಲಿ ಇದೇ ಕ್ಯಾನ್ಸರ್ ವಿಪರೀತ ಜಾಸ್ತಿ ಇತ್ತು, ಅಲ್ಲಿನ ಕಲ್ಲಿನಲ್ಲಿ ಈ ಖನಿಜ ಇದೆ. ಅದರ ಎಳೆಗಳನ್ನು ಉಸಿರಾಡಿದ 28 ಇಲಿಗಳಲ್ಲಿ 27ಕ್ಕೆ ಗಡ್ಡೆ ಬೆಳೆಯಿತು.